ಒಂದು ಅಂಕದ ಪ್ರಶ್ನೆ

ವರ್ಣತಂತುಗಳ ಅಸಹಜತೆಯನ್ನು ಉತ್ಪರಿವರ್ತನೆ ಎಂದು ಕರೆಯಬಹುದೆ? ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಈ ಪ್ರಶ್ನೆಗೆ ಹೆಚ್ಚೆಂದರೆ ಒಂದು ಅಂಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳಲ್ಲಿ ನನ್ನ ಕೈಯಲ್ಲಿ ವಿಜ್ಞಾನ ಕಲಿತ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು: ‘ಹೌದು’ ಎಂದು ಬರೆದವರಿಗೂ ‘ಅಲ್ಲ’ ಎಂದು ಬರೆದವರಿಗೂ, ಕೊಟ್ಟ ಕಾರಣ ಸರಿಯಾಗಿದ್ದರೆ, ನಾನು ಆ ಒಂದು ಅಂಕವನ್ನು ಕೊಡುತ್ತಿದ್ದೆ. “ಎರಡೂ ಹೆಂಗ ಸರಿ ಆಗ್ತಾವ್ರಿ ಸರ?” ಎಂದು ಜಗಳಕ್ಕೆ ನಿಂತವರೂ ಇದ್ದರು. ಒಬ್ಬ ಪುಣ್ಯಾತ್ಮನಂತೂ ‘ಉತ್ಪರಿವರ್ತನೆ’ಯ ಬದಲು ‘ಉತ್ಪ್ರೇಕ್ಷೆ’ ಎಂದು ಬರೆದಿದ್ದ. ಆ ಉತ್ತರಪತ್ರಿಕೆಯನ್ನು ಕನ್ನಡ ಪಂಡಿತರಿಗೆ ತೋರಿಸಿದಾಗ ಅವರು, “ಅಲಂಕಾರದ ಅಂಕ ನಾನು ಕೊಡ್ತೀನಿ ಬಿಡ್ರಿ” ಎಂದು ನಕ್ಕಿದ್ದರು.

ಆ ಒಂದು ಅಂಕದ ಪ್ರಶ್ನೆಯ ಮೇಲೆ ಒಬ್ಬ ಹೆಣ್ಣುಮಗಳ ಮದುವೆಯೇ ನಿಂತುಬಿಟ್ಟಿದ್ದನ್ನು ಈಚೆಗೆ ಕಂಡೆ. ಆದ್ದರಿಂದ ಈ ಬರಹ ಸ್ವಲ್ಪ ಪಾಠದಂತೆಯೂ ಇದ್ದೀತು. ಹಳೆಯ ವಿದ್ಯಾರ್ಥಿಗಳು ಸಹಿಸಿಕೊಳ್ಳಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮನೆಯ ಮಕ್ಕಳ ಸಲುವಾಗಿ ಮೊದಲೇ ಹೇಳಿಬಿಡುತ್ತೇನೆ: ವರ್ಣತಂತು ಎಂದರೆ ಕ್ರೋಮೋಸೋಮ್, ವಂಶವಾಹಿ ಎಂದರೆ ಜೀನ್, ಉತ್ಪರಿವರ್ತನೆ ಎಂದರೆ ಮ್ಯುಟೇಶನ್.

ಗೊಂದಲದ ಬೇರು ಆ ಶಬ್ದದ ಚರಿತ್ರೆಯಲ್ಲಿಯೇ ಇದೆ. ಹಾಲೆಂಡಿನ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ 1886ರಲ್ಲಿ ಹಿಲ್ವರ್ಸಮ್ ಎಂಬ ಊರಿನ ಬಳಿ, ಪಾಳುಬಿದ್ದ ಆಲೂಗಡ್ಡೆಯ ಹೊಲವೊಂದರಲ್ಲಿ, ಸಂಜೆ ಅರಳುವ ಹಳದಿ ಹೂವಿನ ಈನೋಥೆರಾ ಗಿಡಗಳನ್ನು ಕಂಡನು. ಅವುಗಳ ಬೀಜವನ್ನು ತಂದು ವರ್ಷಗಟ್ಟಲೆ ಬೆಳೆಸಿದಾಗ ತಾಯಿಗಿಡವನ್ನು ಹೋಲದ ಸಸಿಗಳು ನಡುನಡುವೆ ಹಠಾತ್ತನೆ ಹುಟ್ಟಿಬಂದವು. ಒಂದು ದೈತ್ಯಾಕಾರದ್ದು, ಇನ್ನೊಂದು ಅಗಲ ಎಲೆಯದು. ಇವುಗಳಿಗೆ ಅವನು ‘ಮ್ಯುಟೇಶನ್’ ಎಂದು ಹೆಸರಿಟ್ಟು 1901ರಿಂದ 1903ರ ಅವಧಿಯಲ್ಲಿ ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಕೆಲವು ವರ್ಷಗಳ ತರುವಾಯ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದೇನು? ಆ ಗಿಡಕ್ಕೆ ಸಹಜವಾಗಿ 14 ವರ್ಣತಂತುಗಳು. ದೈತ್ಯ ಗಿಡಕ್ಕೆ 28, ಅಗಲ ಎಲೆಯ ಗಿಡಕ್ಕೆ 15. ಅಂದರೆ ಜಗತ್ತಿನಲ್ಲಿ ಮೊಟ್ಟಮೊದಲು ಯಾವುದನ್ನು ಉತ್ಪರಿವರ್ತನೆ ಎಂದು ಕರೆದರೋ ಅದರ ಬಹುಭಾಗ ವರ್ಣತಂತುಗಳ ಏರುಪೇರೇ ಆಗಿತ್ತು! ಆ ಶಬ್ದವನ್ನು ಅಕ್ಷರದಷ್ಟು ಸಣ್ಣ ಬದಲಾವಣೆಗೆ ಕುಗ್ಗಿಸಿದ್ದು ಆಮೇಲೆ. 1910ರಲ್ಲಿ ಮಾರ್ಗನ್ನನ ಬಿಳಿಗಣ್ಣಿನ ನೊಣ, 1927ರಲ್ಲಿ ಮುಲ್ಲರನ ಎಕ್ಸ್‌-ಕಿರಣ ಪ್ರಯೋಗ, 1953ರಲ್ಲಿ ಡಿಎನ್‌ಎ ರಚನೆ ಇವೆಲ್ಲ ಒಂದೊಂದಾಗಿ ಬಂದ ಮೇಲೆ ‘ಉತ್ಪರಿವರ್ತನೆ’ ಎಂದರೆ ವಂಶವಾಹಿಯೊಳಗಿನ ಅಕ್ಷರ ಬದಲಾಗುವುದು ಎಂಬ ಅರ್ಥ ಗಟ್ಟಿಯಾಯಿತು. ಹಳೆಯ ವಿಶಾಲಾರ್ಥವೂ ಸಾಯಲಿಲ್ಲ. ಇಂದಿಗೂ ಅನೇಕ ಪಠ್ಯಗಳು ಉತ್ಪರಿವರ್ತನೆಯಲ್ಲಿ ವಂಶವಾಹಿಯದೊಂದು, ವರ್ಣತಂತುವಿನದೊಂದು ಎಂದು ಎರಡು ಬಗೆಗಳನ್ನು ಹೇಳುತ್ತವೆ. ಒಂದು ಅಂಕವನ್ನು ಎರಡೂ ಉತ್ತರಗಳಿಗೆ ಕೊಡುತ್ತಿದ್ದುದು ಈ ಕಾರಣದಿಂದ.

ತರಗತಿಯಲ್ಲಿ ಇದನ್ನು ನಾನು ಪುಸ್ತಕದ ಕಪಾಟಿನ ಮೂಲಕ ಹೇಳುತ್ತಿದ್ದೆ. ನಮ್ಮ ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಪ್ರಧಾನ ಸಂಪಾದಕರಾಗಿದ್ದ ‘ಸಮಗ್ರ ವಚನ ಸಂಪುಟ’ 15 ಸಂಪುಟಗಳದ್ದು. ಶಾಲೆಯ ಗ್ರಂಥಾಲಯಕ್ಕೆ ಇಂತಹ ಎರಡು ಕಟ್ಟುಗಳು ಬಂದಿವೆ ಎಂದುಕೊಳ್ಳಿ, ಒಂದು ತಾಯಿಯ ಕಡೆಯಿಂದ, ಇನ್ನೊಂದು ತಂದೆಯ ಕಡೆಯಿಂದ. ಒಂದು ಸಂಪುಟದ ಒಂದು ವಚನದಲ್ಲಿ ಒಂದಕ್ಷರ ಬದಲಾಗಿ ಅಚ್ಚಾಗಿದೆ, ಅರ್ಥವೇ ಬೇರೆಯಾಗಿದೆ. ಇದು ವಂಶವಾಹಿಯ ಉತ್ಪರಿವರ್ತನೆ. ಕುಡಗೋಲು ಕಣ ರೋಗ ಇಂಥದು: ಹನ್ನೊಂದನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ, ಅದು ಎರಡೂ ಕಟ್ಟುಗಳಲ್ಲಿ ಇದ್ದಾಗ ರೋಗ. ಇನ್ನು ಎರಡನೆಯ ಸಂದರ್ಭ. ಯಾವ ಪುಟದಲ್ಲಿಯೂ ಒಂದು ಅಚ್ಚುತಪ್ಪೂ ಇಲ್ಲ. ಆದರೆ ಒಂದು ಸಂಪುಟದ ಮೂರನೆಯ ಪ್ರತಿ ಎಲ್ಲಿಂದಲೋ ಬಂದು ಕಪಾಟಿನಲ್ಲಿ ಸೇರಿಕೊಂಡಿದೆ. ಇದು ಡೌನ್ ಸಿಂಡ್ರೋಮ್. ಮನುಷ್ಯನ 46 ವರ್ಣತಂತುಗಳಲ್ಲಿ ಅತ್ಯಂತ ಚಿಕ್ಕದಾದ 21ನೆಯದು ಎರಡರ ಬದಲು ಮೂರು ಇರುತ್ತದೆ. ಅದರಲ್ಲಿ ಸುಮಾರು 4.7 ಕೋಟಿ ಅಕ್ಷರಗಳು, ಇನ್ನೂರಕ್ಕೂ ಹೆಚ್ಚು ವಂಶವಾಹಿಗಳು. ಯಾವುದೂ ಕೆಟ್ಟಿಲ್ಲ, ಯಾವುದೂ ಕಾಣೆಯಾಗಿಲ್ಲ. ಎಲ್ಲವೂ ಸರಿಯಿದ್ದು ಪ್ರಮಾಣ ಮಾತ್ರ ಒಂದೂವರೆ ಪಟ್ಟಾಗಿದೆ. ಉಪ್ಪು ಒಳ್ಳೆಯದೇ, ಸಾರಿಗೆ ಬಿದ್ದದ್ದು ಹೆಚ್ಚು.

ಈ ವ್ಯತ್ಯಾಸ ಪರೀಕ್ಷೆಯ ಕೋಣೆಯಲ್ಲಷ್ಟೇ ಅಲ್ಲ, ಪ್ರಯೋಗಾಲಯದಲ್ಲಿಯೂ ಮುಖ್ಯ. ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸುವವನಿಗೆ ಕುಡಗೋಲು ಕಣ ರೋಗಿಯಲ್ಲಿ 46 ಲಕ್ಷಣವಾಗಿ ಕಾಣುತ್ತವೆ. ಒಂದಕ್ಷರದ ತಪ್ಪು ಅಲ್ಲಿ ಕಾಣದು. ಒಂದೇ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುವವನಿಗೆ ಡೌನ್ ಮಗುವಿನಲ್ಲಿ ಯಾವ ತಪ್ಪೂ ಸಿಗದು. ಹೀಗಾಗಿ ವೈದ್ಯರ ಬಾಯಲ್ಲಿ ‘ಮ್ಯುಟೇಶನ್’ ಸಾಮಾನ್ಯವಾಗಿ ಮೊದಲನೆಯ ಅರ್ಥದಲ್ಲಿಯೇ ಬರುತ್ತದೆ. 2015ರಲ್ಲಿ ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆಯಂತೂ ವರದಿಗಳಲ್ಲಿ ಆ ಶಬ್ದವನ್ನೇ ಬಿಟ್ಟು ‘ವೇರಿಯಂಟ್’, ಅಂದರೆ ಪಾಠಾಂತರ, ಎಂದು ಬರೆಯಿರಿ ಎಂದು ಸೂಚಿಸಿತು. ವಚನಗಳ ಓಲೆಗರಿಗಳನ್ನು ಹೋಲಿಸಿ ನೋಡಿದವರಿಗೆ ಈ ಶಬ್ದದ ಸೌಜನ್ಯ ತಿಳಿಯುತ್ತದೆ.

ಈಗ ಆ ಮದುವೆಯ ವಿಷಯ. ಊರು, ಹೆಸರುಗಳನ್ನು ಬಿಟ್ಟಿದ್ದೇನೆ. ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯ ಹಳೆಯ ವಿದ್ಯಾರ್ಥಿ ಒಂದು ರಾತ್ರಿ ಫೋನ್ ಮಾಡಿದ.

“ಸರ, ಮಗಳ ನೆಂಟಸ್ತನ ಮುರಿಯೂ ಹಂತಕ್ಕ ಬಂದದರಿ. ನೀವೊಮ್ಮೆ ಬರಬೇಕಾಗ್ತದ.”

ವರನ ಕಡೆಯವರು ಇಂಡಿ ತಾಲ್ಲೂಕಿನವರು, ಲಿಂಬೆಯ ತೋಟದವರು, ಅನುಕೂಲಸ್ಥರು. ಹುಡುಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಕನ್ಯೆ ಎಲ್ಲರಿಗೂ ಒಪ್ಪಿಗೆಯಾಗಿದೆ. ಆದರೆ ಕನ್ಯೆಯ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ ಎಂಬುದು ಎರಡನೆಯ ಭೇಟಿಯಲ್ಲಿ ಅವರಿಗೆ ಗೊತ್ತಾಗಿದೆ. ಮುಚ್ಚಿಟ್ಟಿದ್ದರೆಂದಲ್ಲ, ಮೊದಲ ದಿನ ಹುಡುಗ ಜ್ವರದಿಂದ ಒಳಗೆ ಮಲಗಿದ್ದನಂತೆ. ವರನ ಕಾಕಾ ಒಬ್ಬರು ಎಂಜಿನಿಯರು. ಅವರು ಕಂಪ್ಯೂಟರಿನಲ್ಲಿ ಓದಿ ಹೇಳಿದ್ದು ಇಷ್ಟು: ಇದು ಜೆನೆಟಿಕ್ ಮ್ಯುಟೇಶನ್, ಜೆನೆಟಿಕ್ ಎಂದರೆ ಜೀನ್‌ನಲ್ಲಿರುವುದು, ಜೀನ್‌ನಲ್ಲಿರುವುದು ವಂಶದಲ್ಲಿ ಇಳಿದು ಬರುತ್ತದೆ, ಆದ್ದರಿಂದ ಈ ಹುಡುಗಿಯ ಮಕ್ಕಳಿಗೂ ಬರುತ್ತದೆ. ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು ವಿಶಾಲಾರ್ಥದಲ್ಲಿ ಸರಿ. ಎಡವಿದ್ದು ಮೂರನೆಯದರಲ್ಲಿ.

ಇಲ್ಲಿ ನಮ್ಮ ಕನ್ನಡದ ಶಬ್ದವೂ ಸ್ವಲ್ಪ ಹೊಣೆ ಹೊರಬೇಕೆಂದು ನನಗೆ ಅನ್ನಿಸುತ್ತದೆ. ಹಿಂದಿನ ಪುಸ್ತಕಗಳಲ್ಲಿ ಜೀನ್‌ಗೆ ‘ಗುಣಾಣು’ ಎಂಬ ಶಬ್ದವಿತ್ತು. ‘ವಂಶವಾಹಿ’ ಸುಂದರವಾದ ಶಬ್ದವೇ. ಆದರೆ ‘ವಂಶವಾಹಿಯ ತೊಂದರೆ’ ಎಂದ ಕೂಡಲೆ ಕೇಳುವವನ ಕಿವಿಗೆ ಬೀಳುವುದು ‘ವಂಶ’ ಮಾತ್ರ. ತಳಿದ್ರವ್ಯದಲ್ಲಿ ಆದ ಬದಲಾವಣೆಯೆಲ್ಲ ವಂಶದಲ್ಲಿ ಇಳಿದು ಬಂದದ್ದಲ್ಲ. ಅಪ್ಪನಲ್ಲೂ ಇಲ್ಲದ, ಅವ್ವನಲ್ಲೂ ಇಲ್ಲದ ಬದಲಾವಣೆ ಒಂದು ಅಂಡಾಣುವಿನಲ್ಲಿ ಹೊಸದಾಗಿ ಆಗಬಹುದು. ಡೌನ್ ಸಿಂಡ್ರೋಮ್‌ನ ನೂರರಲ್ಲಿ ಸುಮಾರು 95 ಮಕ್ಕಳದು ಹೀಗೆಯೇ.

ನಾನು ಹೋದ ದಿನ ಎರಡೂ ಕಡೆಯ ಹಿರಿಯರು ಪಡಸಾಲೆಯಲ್ಲಿ ಸೇರಿದ್ದರು. ಆ ಹುಡುಗನಿಗೆ ಹದಿನೇಳು ವರ್ಷ. ಬಂದವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಹೊಂದಿಸಿ ಬಾಗಿಲ ಬದಿಗೆ ಸಾಲಾಗಿ ಇಡುವುದು ಅವನಿಗೆ ಅವನೇ ವಹಿಸಿಕೊಂಡ ಕೆಲಸ. ಯಾರಾದರೂ ನಡುವೆ ಎದ್ದು ಹೊರಗೆ ಹೋಗಿ ಬಂದರೆ ಮತ್ತೆ ಸರಿಪಡಿಸುತ್ತಿದ್ದ. ಅವನ ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು.

“ಇದಕ್ಕ ಉತ್ತರ ನನ್ನ ಬಾಯಾಗಿಲ್ಲ, ಹುಡುಗನ ರಕ್ತದಾಗ ಐತಿ. ವರ್ಣತಂತುಗಳ ಪರೀಕ್ಷೆ ಮಾಡಿಸಿದ್ರೇನು?” ಎಂದು ಕೇಳಿದೆ. ಡೌನ್ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುತ್ತದೆ. ಇವನಿಗೂ ಇತ್ತು, ಮೂರನೆಯ ವರ್ಷದಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಆಗ ಏನೇನೋ ಕಾಗದ ಕೊಟ್ಟಿದ್ದರು ಎಂದು ತಾಯಿ ಟ್ರಂಕು ತೆಗೆದಳು. ಭೂಮಿಯ ಪಹಣಿ, ಪಡಿತರ ಚೀಟಿಗಳ ಕೆಳಗೆ ಆ ವರದಿ ಹದಿನಾಲ್ಕು ವರ್ಷ ಮಲಗಿತ್ತು. ಯಾರೂ ಅದನ್ನು ಆ ಮನೆಯವರಿಗೆ ಓದಿ ಹೇಳಿರಲಿಲ್ಲ.

ಈ ಪರೀಕ್ಷೆ ಹೇಗೆ ಮಾಡುತ್ತಾರೆಂಬುದನ್ನು ಅಲ್ಲಿ ಕುಳಿತವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ರಕ್ತದ ಕೆಂಪುಕಣಗಳಲ್ಲಿ ಕೋಶಕೇಂದ್ರವೇ ಇಲ್ಲ. ಆದ್ದರಿಂದ ಬಿಳಿಕಣಗಳನ್ನು ಬಳಸುತ್ತಾರೆ. ಅವನ್ನು ಸುಮಾರು ಮೂರು ದಿನ ದೇಹದ ಉಷ್ಣತೆಯಲ್ಲಿ ಬೆಳೆಸಿ, ವಿಭಜನೆಯಾಗುತ್ತಿರುವಾಗ ಕಾಲ್ಚಿಸಿನ್ ಎಂಬ ಔಷಧವನ್ನೋ ಅದರ ಜಾತಿಯ ಇನ್ನೊಂದನ್ನೋ ಹಾಕಿ ನಡುವೆಯೇ ತಡೆದು ನಿಲ್ಲಿಸುತ್ತಾರೆ. ವರ್ಣತಂತುಗಳು ಗಿಡ್ಡವಾಗಿ ದಪ್ಪವಾಗಿ ಕಾಣುವ ಗಳಿಗೆ ಅದೊಂದೇ. ಬಣ್ಣ ಹಾಕಿ, ಚಿತ್ರ ತೆಗೆದು, ಉದ್ದದ ಕ್ರಮದಲ್ಲಿ ಜೋಡಿಸಿ ಎಣಿಸುತ್ತಾರೆ. ಎಣಿಕೆ ಸುಲಭವೆಂದು ತಿಳಿಯಬೇಡಿ. ಮನುಷ್ಯನಿಗೆ 48 ವರ್ಣತಂತುಗಳೆಂದು ಜಗತ್ತೆಲ್ಲ ಮೂವತ್ತು ವರ್ಷಗಳ ಕಾಲ ನಂಬಿತ್ತು. 46 ಎಂದು ಜೋ ಹಿನ್ ಟ್ಜಿಯೋ ಮತ್ತು ಆಲ್ಬರ್ಟ್ ಲೆವಾನ್ ಪ್ರಕಟಿಸಿದ್ದು 1956ರಲ್ಲಿ. ಅದಾದ ಮೂರೇ ವರ್ಷಕ್ಕೆ, 1959ರಲ್ಲಿ, ಪ್ಯಾರಿಸ್ಸಿನ ಲೆಜೂನ್, ಮಾರ್ತ್ ಗೋತಿಯೆ, ತುರ್ಪ್ಯಾ ಅವರು ಡೌನ್ ಮಕ್ಕಳಲ್ಲಿ 47 ಇವೆ ಎಂದು ತೋರಿಸಿದರು. ಲಂಡನ್ನಿನ ವೈದ್ಯ ಡೌನ್ ಈ ಲಕ್ಷಣಗಳನ್ನು ಬಣ್ಣಿಸಿದ್ದು 1866ರಲ್ಲಿ. ನಡುವಿನ 93 ವರ್ಷ ತಾಯಂದಿರ ಮೇಲೆ ಏನೇನು ದೂರು ಹೊರಿಸಲಾಯಿತೋ!

ನಮ್ಮಲ್ಲಿ ಅದು ಇನ್ನೂ ಮುಗಿದಿಲ್ಲ. ಈ ತಾಯಿಗೆ ಹೆರಿಗೆಯಾದಾಗ ವಯಸ್ಸು 25. ಗ್ರಹಣ ಹಿಡಿದಾಗ ಹೊಸ್ತಿಲು ದಾಟಿದ್ದಳು ಎಂದು ಅತ್ತೆಮನೆಯಲ್ಲಿ ಆಡಿಕೊಂಡಿದ್ದರು. ವಿಜ್ಞಾನ ಹೇಳುವುದು ಬೇರೆ. ಅಂಡಾಣುವಿನಲ್ಲಿ 46ನ್ನು 23ಕ್ಕೆ ಇಳಿಸುವ ವಿಭಜನೆ ಆರಂಭವಾಗುವುದು ಆ ಹೆಣ್ಣುಮಗಳು ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗ. ಅಲ್ಲಿಂದ ಅದು ಅರ್ಧಕ್ಕೆ ನಿಂತು, ಇಪ್ಪತ್ತು ಮೂವತ್ತು ವರ್ಷ ಕಾದು, ಆ ಅಂಡ ಬಿಡುಗಡೆಯಾಗುವ ತಿಂಗಳಲ್ಲಿ ಮುಂದುವರಿಯುತ್ತದೆ. ಅಷ್ಟು ದೀರ್ಘಕಾಲ ಜೊತೆಗಿದ್ದ ಎರಡು ಒಮ್ಮೊಮ್ಮೆ ಬೇರೆಯಾಗದೆ ಒಂದೇ ಕಡೆಗೆ ಹೋಗುತ್ತವೆ. ಪಠ್ಯದಲ್ಲಿ ಇದನ್ನು ‘ಬೇರ್ಪಡದಿರುವಿಕೆ’ ಎನ್ನುತ್ತೇವೆ. 1916ರಲ್ಲಿ ಕ್ಯಾಲ್ವಿನ್ ಬ್ರಿಡ್ಜಸ್ ಹಣ್ಣಿನ ನೊಣಗಳಲ್ಲಿ ಇದನ್ನು ಸಾಧಿಸಿ ತೋರಿಸಿದ್ದ. ತಾಯಿಯ ವಯಸ್ಸು ಹೆಚ್ಚಿದಂತೆ ಸಂಭವ ಹೆಚ್ಚುತ್ತದೆ: 25ರಲ್ಲಿ ಸುಮಾರು 1,250 ಹೆರಿಗೆಗಳಿಗೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೆ ಹೆಚ್ಚು ಹೆರುವವರು ಎಳೆಯ ತಾಯಂದಿರೇ ಆದ್ದರಿಂದ ಅವರ ಮಡಿಲಲ್ಲಿಯೂ ಇಂತಹ ಮಕ್ಕಳು ಸಾಕಷ್ಟು ಹುಟ್ಟುತ್ತಾರೆ. ಅವಳು ಉಂಡದ್ದರಿಂದ, ಉಡದ್ದರಿಂದ, ಹೊಸ್ತಿಲು ದಾಟಿದ್ದರಿಂದ ಆಗುವಂಥದು ಇದಲ್ಲ.

ಇಷ್ಟನ್ನು ಹೇಳಿ ಮುಗಿಸುವಾಗ ಮೂಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ವರನ ಅಜ್ಜಿ ಬಾಯಿಬಿಟ್ಟರು.

“ಅಂದರ ಬೀಜ ಕೆಟ್ಟಿಲ್ಲ ಅನ್ರಿ ಮಾಸ್ತರ. ಬಿತ್ತೂ ಮುಂದ ಕೂರಿಗಿ ಒಂದ ಜಾಗಾದಾಗ ಎರಡು ಕಾಳು ಬಿಟ್ಟದ.”

ನಾನು ಬೆರಗಾದೆ. ಸೇವೆಯುದ್ದಕ್ಕೂ ಕರಿಹಲಗೆಯ ಮೇಲೆ ಬರೆದ ‘ಬೇರ್ಪಡದಿರುವಿಕೆ’ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಯಾವ ಕೈಪಿಡಿಯಲ್ಲಿಯೂ ಕಂಡಿರಲಿಲ್ಲ. ಅಜ್ಜಿ ಅಲ್ಲಿಗೇ ಬಿಡಲಿಲ್ಲ.

“ಮತ್ತ ಕೂರಿಗಿನ ಸೊಟ್ಟ ಇದ್ದರ? ಆವಾಗ ಸಾಲಿನುದ್ದಕ್ಕೂ ಹಂಗ ಬೀಳತಾವಲ್ರಿ?”

ಅದೇ ಸರಿಯಾದ ಪ್ರಶ್ನೆ. ಎಂಜಿನಿಯರ್ ಕಾಕಾ ಕೇಳಬೇಕಾಗಿದ್ದುದೂ ಅದೇ. ನೂರರಲ್ಲಿ ಮೂರು ನಾಲ್ಕು ಡೌನ್ ಮಕ್ಕಳಲ್ಲಿ ಹೆಚ್ಚುವರಿ 21ನೆಯದು ಬಿಡಿಯಾಗಿ ಇರುವುದಿಲ್ಲ. ಇನ್ನೊಂದು ವರ್ಣತಂತುವಿಗೆ, ಹೆಚ್ಚಾಗಿ 14ನೆಯದಕ್ಕೆ, ಅಂಟಿಕೊಂಡಿರುತ್ತದೆ. ಇದಕ್ಕೆ ಸ್ಥಾನಾಂತರಣ ಎಂದು ಹೆಸರು. ಇಂಥ ಮಗುವಿನ ತಂದೆಯಲ್ಲಿಯೋ ತಾಯಿಯಲ್ಲಿಯೋ ಅದೇ ಜೋಡಣೆ ಮೊದಲೇ ಇರಬಹುದು. ಅವರಲ್ಲಿ ಪ್ರಮಾಣ ಸರಿಯಾಗಿರುವುದರಿಂದ ಅವರು ಪೂರ್ಣ ಆರೋಗ್ಯವಂತರು. ಎಣಿಸಿದರೆ 45 ಸಿಗುತ್ತವೆ. ವಾಹಕರು ತಾಯಿಯಾದರೆ ಪ್ರತಿ ಹೆರಿಗೆಯಲ್ಲಿ ಡೌನ್ ಮಗುವಾಗುವ ಸಂಭವ ನೂರಕ್ಕೆ ಹತ್ತರಿಂದ ಹದಿನೈದು, ತಂದೆಯಾದರೆ ಒಂದೆರಡು. ಇಂಥ ಮನೆಯಲ್ಲಿ ಅಕ್ಕತಂಗಿಯರೂ ವಾಹಕರಾಗಿರಬಹುದು; ಅಲ್ಲಿ ಕಾಕಾ ಅವರ ಆತಂಕಕ್ಕೆ ಆಧಾರವಿರುತ್ತಿತ್ತು. ಅದಕ್ಕೆಂದೇ ವರದಿ ನೋಡುವವರೆಗೆ ನಾನು ಯಾರಿಗೂ ಅಭಯ ಕೊಟ್ಟಿರಲಿಲ್ಲ.

ವರದಿಯ ಕೊನೆಯ ಸಾಲಿನಲ್ಲಿ ‘47, ಎಕ್ಸ್‌ವೈ, +21’ ಎಂದಿತ್ತು. ಬಿಡಿಯಾದ ಮೂರನೆಯ ಪ್ರತಿ. ಕೂರಿಗೆ ಸೊಟ್ಟಗಿರಲಿಲ್ಲ. ಈ ಬಗೆಯಲ್ಲಿ ಅದೇ ತಂದೆತಾಯಿಗೆ ಮತ್ತೊಂದು ಇಂಥ ಮಗುವಾಗುವ ಸಂಭವ ನೂರಕ್ಕೆ ಸುಮಾರು ಒಂದು; ಅಕ್ಕನ ಮಕ್ಕಳ ವಿಷಯದಲ್ಲಿ ಊರಿನ ಬೇರೆ ಯಾವುದೇ ಹೆಣ್ಣುಮಗಳಿಗಿಂತ ಹೇಳಿಕೊಳ್ಳುವಂಥ ಹೆಚ್ಚಿನ ಅಪಾಯವಿಲ್ಲ.

ಆಗ ಯಾರೋ ಒಬ್ಬರು, “ಸಂಬಂಧದಾಗ ಮದುವಿ ಆಗಿದ್ದಕ್ಕ ಹಿಂಗಾತು ಅಂತಾರಲ್ರಿ?” ಎಂದರು. ಹುಡುಗನ ತಂದೆತಾಯಿ ಸೋದರಮಾವ-ಸೊಸೆ. ನಮ್ಮ ಭಾಗದಲ್ಲಿ ಇದು ಹೊಸತಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳನ್ನು ಪರೀಕ್ಷಿಸಿದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು ಎಂದು ಕಂಡುಬಂದಿತ್ತು. ಅದರಲ್ಲಿ ಸೋದರಮಾವನೊಡನೆ ಆದವೇ ಹೆಚ್ಚು. ಈ ಮದುವೆಗಳಿಂದ ತೊಂದರೆಯೇ ಇಲ್ಲವೆಂದು ನಾನು ಹೇಳಲಾರೆ. ಇಂಡಿಯ ಕಡೆಯ ನನ್ನ ಶಾಲೆಯೊಂದರ ಹತ್ತಿರ ಅಂಥದೇ ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಹುಟ್ಟುಕಿವುಡರು. ಅದು ಅಕ್ಷರತಪ್ಪಿನ ಜಾತಿಯದು. ಅದೇ ತಪ್ಪಿನ ಒಂದೊಂದು ಪ್ರತಿ ಗಂಡಹೆಂಡಿರಿಬ್ಬರಲ್ಲಿಯೂ ಅಡಗಿ ಕುಳಿತಿರುತ್ತದೆ. ಇಬ್ಬರ ಪ್ರತಿಯೂ ಮಗುವಿಗೆ ಸೇರಿದರೆ ಕಿವುಡು, ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನಿಗೂ ಸೊಸೆಗೂ ಸರಾಸರಿ ನಾಲ್ಕನೆಯ ಒಂದು ಭಾಗ ತಳಿದ್ರವ್ಯ ಒಂದೇ ಆಗಿರುವುದರಿಂದ ಒಂದೇ ತಪ್ಪು ಇಬ್ಬರಲ್ಲೂ ಇರುವ ಅವಕಾಶ ಹೆಚ್ಚು. ಮೂರನೆಯ ಪ್ರತಿ ಬಂದು ಸೇರುವುದಕ್ಕೂ ಸಂಬಂಧಕ್ಕೂ ಹಾಗೆ ನಂಟಿಲ್ಲ. ಎರಡು ಮನೆ, ಎರಡು ಬೇರೆ ಬೇರೆ ಕಾರಣ. ಊರಿನವರ ತೀರ್ಪು ಮಾತ್ರ ಒಂದೇ.

ಅಕ್ಷರತಪ್ಪು ಎರಡೂ ಕಡೆಯಿಂದಲೇ ಬರಬೇಕೆಂದೇನೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಕೀಲುಬೇನೆಯನ್ನು ಕೇಳಿರುತ್ತೀರಿ. ಸೊಂಟ, ಮೊಣಕಾಲುಗಳ ಕೀಲು ಸವೆದು ಬಡ ಕೂಲಿಕಾರರು ಕೋಲೂರಿ ನಡೆಯುವಂತಾದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಎಂದೆಲ್ಲ ಮೊದಲು ಶಂಕಿಸಿದರು. ಕುಟುಂಬಗಳ ವಂಶಾವಳಿ ಬರೆದು ನೋಡಿದಾಗ ತಂದೆ ಅಥವಾ ತಾಯಿ ಒಬ್ಬರಿಂದಲೇ ಅರ್ಧದಷ್ಟು ಮಕ್ಕಳಿಗೆ ಇಳಿಯುವ ಪ್ರಬಲ ಲಕ್ಷಣವೆಂದು ತಿಳಿಯಿತು. ವಂಶ ಎಂಬ ಶಬ್ದ ಅಲ್ಲಿ ಸಲ್ಲುತ್ತದೆ. ಈ ಪಡಸಾಲೆಯಲ್ಲಿ ಸಲ್ಲುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಗಂಡಸರು ತುಂಬಿದ ಆ ಸಭೆಯಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ಏರುಪೇರೇ ಕಾರಣ. 21ನೆಯದು ಚಿಕ್ಕದು, ವಂಶವಾಹಿಗಳು ಕಡಿಮೆ. ಆದ್ದರಿಂದ ಮೂರಿದ್ದರೂ ಮಗು ಬದುಕುತ್ತದೆ. ದೊಡ್ಡ ವರ್ಣತಂತು ಹೆಚ್ಚಾದರೆ ಬಸಿರು ನಿಲ್ಲುವುದೇ ಇಲ್ಲ. ಪದೇ ಪದೇ ಹೀಗಾಗುವ ದಂಪತಿಗಳಲ್ಲಿ ಕೆಲವರಲ್ಲಿ ಒಬ್ಬರು ಸ್ಥಾನಾಂತರಣದ ವಾಹಕರಾಗಿರುತ್ತಾರೆ. ಆ ಒಬ್ಬರು ಗಂಡನೂ ಆಗಿರಬಹುದು. ಹೆಂಡತಿಗೆ ಮಾತ್ರ ಹತ್ತು ಪರೀಕ್ಷೆ ಮಾಡಿಸಿ, ಆಮೇಲೆ ಎರಡನೆಯ ಮದುವೆಗೆ ಹೊರಟವರನ್ನು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ನಾನು ನೋಡಿದ್ದೇನೆ. ನಮ್ಮ ಬಂಧುಗಳಲ್ಲಿ ಯಾರಿಗಾದರೂ ಇಂಥ ಸಂದರ್ಭ ಬಂದರೆ ಇಬ್ಬರ ರಕ್ತವನ್ನೂ ಕಳಿಸಿರಿ.

ಮಧ್ಯಾಹ್ನ ಊಟಕ್ಕೆ ಜವೆಗೋಧಿಯ ಹುಗ್ಗಿ ಇತ್ತು. ಕಾಕಾ ಅವರು ಎಲೆಯ ಮುಂದೆ ಕುಳಿತೂ, “ಏನೇ ಆದ್ರೂ ಅಸಹಜ ಅಂದ್ರ ಅಸಹಜನ ಅಲ್ರಿ ಸರ” ಎಂದರು. ಅವರ ಮುಂದಿದ್ದ ಹುಗ್ಗಿಯನ್ನು ತೋರಿಸಿದೆ. ಗೋಧಿಯ ಮೂಲ ಕಟ್ಟು 7 ವರ್ಣತಂತುಗಳದು. ಕಾಡಿನ ಮೂಲ ಹುಲ್ಲಿನಲ್ಲಿ ಅಂಥವು ಎರಡು, ಒಟ್ಟು 14. ಎರಡು ಹುಲ್ಲುಗಳು ಕೂಡಿ, ಸಂಖ್ಯೆ ಇಮ್ಮಡಿಸಿ, ಜವೆಗೋಧಿಗೆ 28 ಆದವು. ಚಪಾತಿಯ ಗೋಧಿಗೆ ಇನ್ನೊಂದು ಹುಲ್ಲು ಕೂಡಿ 42. ಒಂದೊಂದೂ ವರ್ಣತಂತುಗಳ ಭಾರೀ ಏರುಪೇರು, ಆ ಗಳಿಗೆಯಲ್ಲಿ ಶುದ್ಧ ಅಸಹಜತೆ. ಈಗ ಅದೇ ಅನ್ನ. ಪಶ್ಚಿಮ ಘಟ್ಟದ ಕಾಡುಕುರಿಯಲ್ಲಿ ಹೆಣ್ಣಿಗೆ 6, ಗಂಡಿಗೆ 7 ವರ್ಣತಂತುಗಳು, ಸಸ್ತನಿಗಳಲ್ಲಿಯೇ ಅತಿ ಕಡಿಮೆ. ಅದರ ಚೀನಾದ ದಾಯಾದಿಗೆ 46. ಒಂದಕ್ಕೊಂದು ಬೆಸೆದುಕೊಂಡು ಹೀಗಾಗಿದೆ, ಕಾಡುಕುರಿಗೇನೂ ಕೊರತೆಯಾಗಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಂತೂ ಇದರದೇ ಒಂದು ಪರಂಪರೆಯಿದೆ. ಎಂ.ಆರ್. ರಾಜಶೇಖರ ಶೆಟ್ಟರು ಹಣ್ಣಿನ ನೊಣಗಳ ಅಧ್ಯಯನಕ್ಕೆ ಅಲ್ಲಿ ತಳಹದಿ ಹಾಕಿದರು. ಆಮೇಲೆ ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಅವರು 8 ವರ್ಣತಂತುಗಳ ನಸೂಟ ಎಂಬ ನೊಣವನ್ನೂ 6 ವರ್ಣತಂತುಗಳ ಆಲ್ಬೊಮಿಕಾನ ಎಂಬ ನೊಣವನ್ನೂ ಕೂಡಿಸಿ, ಸಂತತಿಯನ್ನು ತಲೆಮಾರುಗಟ್ಟಲೆ ಬೆಳೆಸಿ, ಎರಡನ್ನೂ ಹೋಲದ ಹೊಸ ವರ್ಣತಂತು ಜೋಡಣೆಯ ತಳಿಗಳು ಸೀಸೆಯೊಳಗೇ ನೆಲೆಗೊಂಡುದನ್ನು ತೋರಿಸಿದರು. ಅವರ ಲೇಖನ 1986ರಲ್ಲಿ ಪ್ರಕಟವಾಯಿತು. ನೊಣದ ಮಾತು ಊಟದ ಹೊತ್ತಿನಲ್ಲಿ ಬೇಡವೆಂದು ಹೆಂಗಸರು ನಕ್ಕರು. ಕಾಕಾ ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡರು, ಉತ್ತರ ಹೇಳಲಿಲ್ಲ.

ಇದನ್ನೆಲ್ಲ ಹೇಳಿದೆನೆಂದು ಡೌನ್ ಸಿಂಡ್ರೋಮ್ ಹಗುರವಾದದ್ದು ಎಂದು ಯಾರೂ ತಿಳಿಯಬಾರದು. ಆ ತಾಯಿ ಹದಿನೇಳು ವರ್ಷಗಳಲ್ಲಿ ಪಟ್ಟ ಪಾಡು ನನಗೆ ಗೊತ್ತು. ಅಮೆರಿಕದಲ್ಲಿ 1983ರಲ್ಲಿ ಇಂಥವರ ಸರಾಸರಿ ಆಯುಸ್ಸು 25 ವರ್ಷವಿದ್ದದ್ದು ಹೃದಯ ಚಿಕಿತ್ಸೆ, ಆರೈಕೆಗಳಿಂದ ಈಗ 60ರ ಹತ್ತಿರ ಬಂದಿದೆ. ಅಂದರೆ ತಂದೆತಾಯಿಯ ನಂತರವೂ ಹುಡುಗ ಇರುತ್ತಾನೆ. ವರನ ಕಡೆಯವರ ಒಳಗಿನ ಅಳುಕು ಅದೇ ಇದ್ದಿರಬಹುದು: ನಾಳೆ ಇವನನ್ನು ನೋಡಿಕೊಳ್ಳುವವರು ಯಾರು? ಅದು ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಅದರ ಹೆಸರಿನಿಂದಲೇ ಕೇಳಬೇಕು, ವಂಶದ ಹೆಸರಿನಿಂದ ಅಲ್ಲ.

ಇಪ್ಪತ್ತು ದಿನಗಳ ನಂತರ ವರನ ಮನೆಯಿಂದ ಹೇಳಿಕೆ ಬಂತು. ಸಂಬಂಧ ಒಪ್ಪಿಗೆ, ಆದರೆ ಹುಡುಗಿಯ ವರ್ಣತಂತು ಪರೀಕ್ಷೆಯೊಂದು ಆಗಲಿ. ವಿಜ್ಞಾನದ ದೃಷ್ಟಿಯಿಂದ ಇದರ ಅಗತ್ಯವಿರಲಿಲ್ಲ. ತಮ್ಮನ ವರದಿಯೇ ಸಾಕಿತ್ತು. ತಂದೆ ನನ್ನನ್ನು ಕೇಳಿದ. ನಾನು, “ಹುಡುಗೀನ್ನ ಕೇಳಪಾ” ಎಂದೆ. ಅವಳೆಂದಳಂತೆ: “ಮಾಡಸ್ತೀನಿ. ಅವರೂ ಮಾಡಸಲಿ. ಎರಡೂ ಕಾಗದ ಒಂದ ದಿನ ತಗದು ನೋಡೋಣ.”

ಇದಕ್ಕೆ ಉತ್ತರ ಬರಲು ಮತ್ತೆ ಹದಿನೈದು ದಿನ ಹಿಡಿಯಿತು. ಕೊನೆಗೆ ಹುಡುಗನೇ ಪುಣೆಯಿಂದ ಫೋನ್ ಮಾಡಿ, ಇಬ್ಬರದೂ ಬೇಡ ಎಂದನಂತೆ. ಅದಕ್ಕೆ ಅಜ್ಜಿಯ ಒತ್ತಾಯವೂ ಇತ್ತೆಂದು ಆಮೇಲೆ ಕೇಳಿದೆ. ಮದುವೆ ವೈಶಾಖದಲ್ಲಿ ಬಸವನ ಬಾಗೇವಾಡಿಯಲ್ಲಿ ಆಯಿತು. ಬಿಸಿಲು ವಿಪರೀತವಿತ್ತು. ಕಾಕಾ ಬಂದಿರಲಿಲ್ಲ, ರಜೆ ಸಿಗಲಿಲ್ಲವಂತೆ. ಕಲ್ಯಾಣಮಂಟಪದ ಬಾಗಿಲಲ್ಲಿ ಆ ತಮ್ಮ ಹೊಸ ಅಂಗಿ ತೊಟ್ಟು ನಾಲ್ಕುನೂರು ಜನರ ಚಪ್ಪಲಿಗಳೊಡನೆ ಹೆಣಗುತ್ತಿದ್ದ.